ಗೇರೆಣ್ಣೆ ಹಚ್ಚಿದ ಮಾಡು

ನಮ್ಮ ಮನೆ ಕಾಪುವಿನಲ್ಲಿದೆ, ಕಡಲಿನ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರದಲ್ಲಿ. ಕಬ್ಬಿಣದ ಯಾವ ವಸ್ತುವೂ ಇಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಗೇಟಿನ ಕೊಂಡಿ, ಕಿಟಕಿಯ ಸರಳು, ಹೊಲಿಗೆ ಯಂತ್ರದ ಪೆಡಲು ಎಲ್ಲವನ್ನೂ ಉಪ್ಪುಗಾಳಿ ನಿಧಾನವಾಗಿ ತಿನ್ನುತ್ತದೆ. ಬಾವಿಯ ಕತೆಯೂ ಹಾಗೆಯೇ. ಶಿವರಾತ್ರಿ ಕಳೆಯಿತೆಂದರೆ ನೀರು ಉಪ್ಪಾಗತೊಡಗುತ್ತದೆ. ಆ ನೀರಿನಲ್ಲಿ ಚಹಾ ಮಾಡಿದರೆ ಹಾಲು ಒಡೆಯುತ್ತದೆ, ಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ.

ಆದ್ದರಿಂದ ಮಣಿಪಾಲದ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮಾಡಿಸಿದ ಮೊದಲ ಕೆಲಸ ಮಳೆನೀರಿನದು. ತಾರಸಿಯ ಮೇಲೆ ಶೀಟಿನ ಮಾಡನ್ನು, ಎಂದರೆ ಸೂರನ್ನು, ನಮ್ಮ ಕಡೆ ಎಲ್ಲರೂ ಹಾಕಿಸುತ್ತಾರೆ, ತಾರಸಿ ಸೋರದಿರಲಿ, ಮಳೆಗಾಲದಲ್ಲಿ ಬಟ್ಟೆ ಒಣಗಲಿ ಎಂದು. ನಾನು ಹಾಕಿಸಿದ್ದು ಕುಡಿಯುವ ನೀರಿಗೆ. ರಸ್ತೆಯ ಕಡೆಗೆ ಒಂದು ಇಳಿಜಾರು, ಹಿತ್ತಿಲಿನ ಕಡೆಗೆ ಇನ್ನೊಂದು. ಎರಡರ ಅಂಚಿಗೂ ನೀರು ಹಿಡಿಯುವ ದಂಬೆ. ದಂಬೆಯಿಂದ ಇಳಿದ ನೀರು ಮರಳು, ಇದ್ದಲು, ಜಲ್ಲಿ ತುಂಬಿದ ಡ್ರಮ್ಮಿನ ಮೂಲಕ ಅಂಗಳದಡಿಯ ಟಾಂಕಿಗೆ ಹೋಗುತ್ತದೆ. ಮೊದಲ ಮಳೆಗಳನ್ನು ಹೊರಗೆ ಬಿಟ್ಟು, ಮಾಡು ಚೆನ್ನಾಗಿ ತೊಳೆದುಹೋದ ಮೇಲೆಯೇ ಟಾಂಕಿಯ ವಾಲ್ವು ತಿರುಗಿಸುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಟಾಂಕಿ ತುಂಬಿಸಿ ಮುಚ್ಚಿದರೆ, ಬಾವಿ ಎಷ್ಟು ಉಪ್ಪಾದರೂ ನಮಗೆ ಹೆದರಿಕೆಯಿಲ್ಲ.

ಈ ವರ್ಷ ಏಪ್ರಿಲಿನಲ್ಲಿ, ಬಿಸು ಹಬ್ಬದ ದಿನ, ಪಾಯಸಕ್ಕೆಂದು ಟಾಂಕಿಯ ನೀರು ಎತ್ತಿದೆ. ಸ್ಟೀಲಿನ ಪಾತ್ರೆಯ ತಳದಲ್ಲಿ ಕೆಂಪು ಮಣ್ಣಿನಂಥ ಪುಡಿ ಕೂತಿತ್ತು. ಪಾಯಸದ ಕೆಲಸ ಅಲ್ಲಿಗೇ ಬಿಟ್ಟು ನೇರ ತಾರಸಿಗೆ ಹೋಗಿ ಸ್ಟೂಲಿನ ಮೇಲೆ ನಿಂತು ಶೀಟಿನ ಮೇಲೆ ಅಂಗೈ ಉಜ್ಜಿದೆ. ಸುಣ್ಣ ಮುಟ್ಟಿದ ಹಾಗೆ ಕೈ ಬೆಳ್ಳಗಾಯಿತು. ಹಳೆಯ ಬಣ್ಣ ಸತ್ತುಹೋಗಿತ್ತು. ಸ್ಕ್ರೂಗಳ ಸುತ್ತ ತುಕ್ಕು ಹರಡಿ ಕೆಲವೆಡೆ ಶೀಟು ಹಪ್ಪಳದ ಹಾಗೆ ಎದ್ದಿತ್ತು. ಹೊಸ ಲೇಪ ಕೊಡದೆ ಇನ್ನೊಂದು ಮಳೆಗಾಲ ಬಿಟ್ಟರೆ ತೂತಾಗುವುದು ಖಂಡಿತ. ಮಾಡು ತೂತಾದರೆ ಮುಂದಿನ ಬೇಸಗೆಗೆ ಕುಡಿಯುವ ನೀರಿಲ್ಲ. ಪತ್ತನಾಜೆಯ ಒಳಗೆ ಕೆಲಸ ಮುಗಿಯಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಪತ್ತನಾಜೆ ಎಂದರೆ ಮೇ ಕೊನೆಯ ಹೊತ್ತಿಗೆ ದೈವಗಳ ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮುಗಿದು ಗೆಜ್ಜೆ ಬಿಚ್ಚಿಡುವ ದಿನ. ಅದರ ಆಚೆಗೆ ಮಳೆ ಯಾವಾಗ ಬೇಕಾದರೂ ಬರಬಹುದು.

ವಾರ್ಡಿನಲ್ಲಿ ನಾವು ಕಲಿತ ಕ್ರಮ ಒಂದೇ: ಮೊದಲು ಶುಚಿ, ಆಮೇಲೆ ಔಷಧ. ಗಾಯ ತೊಳೆಯದೆ ಮುಲಾಮು ಹಚ್ಚುವ ಹುಡುಗಿಯರನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಮಾಡಿಗೂ ಅದೇ. ವಯರ್ ಬ್ರಶ್ಶಿನಲ್ಲಿ ತುಕ್ಕು ಉಜ್ಜಬೇಕು, ಸೋಪುನೀರಿನಲ್ಲಿ ತೊಳೆಯಬೇಕು, ಬಿಸಿಲಿಗೆ ಒಣಗಬೇಕು, ತುಕ್ಕು ತಡೆಯುವ ಪ್ರೈಮರ್ ಹಚ್ಚಬೇಕು, ಅದು ಒಣಗಿದ ಮೇಲೆ ಎರಡು ಸಲ ಪೈಂಟು. ಉಡುಪಿಯ ಅಂಗಡಿಯಲ್ಲಿ ಪೈಂಟು ಕೇಳಿದಾಗ ಅಂಗಡಿಯವನು ಬಣ್ಣಗಳ ಪುಸ್ತಕ ಬಿಡಿಸಿ ಯಾವ ಬಣ್ಣ ನಮ್ಮ ಗೋಡೆಗೆ ಒಪ್ಪುತ್ತದೆ ಎಂದು ವಿವರಿಸತೊಡಗಿದ.

“ಬಣ್ಣ ಯಾವುದಾದರೂ ಆಗಬಹುದು. ಅದರ ಮೇಲಿಂದ ಬಂದ ನೀರು ಕುಡಿಯಬಹುದಾ, ಅದು ಹೇಳಿ” ಎಂದೆ.

“ಮಾಡಿನ ನೀರು ಯಾರು ಕುಡಿತಾರೆ ಅಮ್ಮ?”

“ನಾನು ಕುಡಿತೇನೆ.”

ಅವನು ನನ್ನನ್ನು ಒಮ್ಮೆ ನೋಡಿ ಒಳಗಿನಿಂದ ಮಾಲಕರನ್ನು ಕರೆದ. ಅವರು ಬಂದು, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿ ಓದಿ, ಸೀಸ ಇಲ್ಲದ ಪೈಂಟು ಕೊಟ್ಟರು. ಮನೆಗೆ ತಂದು ನಾನೂ ಓದಿದೆ.

ಪೈಂಟರ್ ಬೆಳ್ಮಣ್ಣಿನವನು. ಕೆಲಸ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅವನು ಮಾಡಿದ ಕೆಲಸವನ್ನು ಎಲ್ಲರೂ ನೋಡಿದ್ದಾರೆ, ಅವನನ್ನು ನೋಡಿದವರು ಕಡಿಮೆ. ನಾನು ಫೋನ್ ಮಾಡಿದಾಗಲೆಲ್ಲ ಅದೇ ಸ್ವರ.

“ನಾಳೆ ಬರ್ತೇನೆ ಅಕ್ಕ. ಬಸ್ಸಿನಲ್ಲೇ ಇದ್ದೇನೆ ಅಂತ ತಿಳ್ಕೊಳ್ಳಿ.”

“ನಿನ್ನೆಯೂ ನಾಳೆ ಅಂದಿದ್ದೆ.”

“ನಿನ್ನೆಯ ನಾಳೆ ಬೇರೆ ಅಕ್ಕ. ನಮ್ಮ ಕುಟುಂಬದ ಕೋಲ ಇತ್ತು. ದೈವ ಕರೆದರೆ ಹೋಗದಿರಲಿಕ್ಕೆ ಆಗ್ತದಾ?”

ಕೋಲದ ನಂತರ ಅವನ ಭಾವನ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ, ಅದರ ನಂತರ ಒಂದು ಮದುವೆ. ಬೇಸಗೆಯಲ್ಲಿ ನಮ್ಮ ಊರಿನ ಪೈಂಟರುಗಳಿಗೆ ಊಟಕ್ಕೆ ಹೋಗುವುದೇ ಕೆಲಸ. ನಾನು ಬೆಳಿಗ್ಗೆ ಬೇಗ ಎದ್ದು ಏಣಿ ಒರಗಿಸಿ, ಬಕೆಟು, ಬ್ರಶ್ಶು, ಹಳೆಯ ಬಟ್ಟೆ ಸಾಲಾಗಿ ಇಟ್ಟು ಕಾಯುತ್ತಿದ್ದೆ. ಬಿಸಿಲು ಏರಿದ ಮೇಲೆ ಎಲ್ಲವನ್ನೂ ಒಳಗಿಡುತ್ತಿದ್ದೆ.

ನನ್ನ ಗಂಡನಿಗೆ ಈ ಓಡಾಟ ನೋಡಿ ನಗು. ಅವರು ಮಲ್ಪೆಯಲ್ಲಿ ತಾಂಡೇಲರಾಗಿ ಬೋಟು ನಡೆಸಿದವರು. ಈಗ ಕಡಲಿಗೆ ಹೋಗುವುದಿಲ್ಲ, ಆದರೆ ಕಡಲಿನವರ ಮಾತು ಬಿಟ್ಟಿಲ್ಲ. ಮನೆಯಲ್ಲಿ ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇಷ್ಟಕ್ಕೆ ಪೈಂಟರ್ ಎಂತಕ್ಕೆ ಮಾರಾಯ್ತಿ? ಗೇರೆಣ್ಣೆ ಎರಡು ಕೈ ಕೊಟ್ಟರೆ ಮುಗೀತು. ನಮ್ಮ ದೋಣಿಗಳೆಲ್ಲ ಉಪ್ಪುನೀರಿನಲ್ಲೇ ಇರುವುದು. ಹಾಳಾಗ್ತದಾ?”

ಗೇರೆಣ್ಣೆ ಎಂದರೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ದೋಣಿಯ ಹಲಗೆಗೆ, ಹಂಚಿನ ಮಾಡು ಹೊರುವ ಮರದ ಪಕ್ಕಾಸುಗಳಿಗೆ ಹಚ್ಚಿದರೆ ಹುಳ ಹಿಡಿಯುವುದಿಲ್ಲ, ನಿಜ. ಆದರೆ ಅದು ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಅಂಥದ್ದು ಕುಡಿಯುವ ನೀರಿನ ದಾರಿಯಲ್ಲಿ ಇರಬಾರದು.

“ದೋಣಿ ಮರದ್ದು. ಇದು ತಗಡು. ಮತ್ತೆ ದೋಣಿಯನ್ನು ಯಾರೂ ತೊಳೆದು ಕುಡಿಯುವುದಿಲ್ಲ” ಎಂದೆ.

“ಸರಿ, ನಿನ್ನ ಆಸ್ಪತ್ರೆ, ನಿನ್ನ ಕಾಯ್ದೆ” ಎಂದು ಪೇಪರು ಎತ್ತಿಕೊಂಡರು. ಮಾತು ಮುಗಿಯಿತು ಎಂದುಕೊಂಡೆ.

ಕಾರ್ಕಳದಲ್ಲಿ ತಂಗಿಯ ಸೊಸೆಗೆ ಸೀಮಂತವಿತ್ತು. ಹಿರಿಯಳಾಗಿ ನಾನು ಹಿಂದಿನ ದಿನವೇ ಹೋಗದೆ ಆಗುವುದಿಲ್ಲ. ಹೋಗುವ ಮೊದಲು ಪೈಂಟರಿಗೆ ಫೋನ್ ಮಾಡಿದೆ. ಇನ್ನು ತಪ್ಪುವುದಿಲ್ಲ, ನೀವು ಹಿಂದೆ ಬಂದ ಮರುದಿನ ಬೆಳಿಗ್ಗೆ ನಾನು ನಿಮ್ಮ ಗೇಟಿನಲ್ಲಿ ಎಂದ. ಅಕ್ಕಿ ಎಲ್ಲಿದೆ, ಮಾತ್ರೆ ಯಾವುದು ಯಾವಾಗ ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದೆ. ಮಾಡು ಮುಟ್ಟಬೇಡಿ ಎಂದು ಹೇಳಲಿಲ್ಲ. ಅದನ್ನು ಹೇಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ?

ಮರುದಿನ ಸಂಜೆ ರಿಕ್ಷಾದಿಂದ ಇಳಿಯುವಾಗಲೇ ವಾಸನೆ ಬಂತು. ಮಲ್ಪೆಯಲ್ಲಿ ದೋಣಿ ಕಟ್ಟುವ ಜಾಗದ ವಾಸನೆ. ತಲೆ ಎತ್ತಿದರೆ ರಸ್ತೆಯ ಕಡೆಯ ಇಡೀ ಇಳಿಜಾರು ಕಪ್ಪಗೆ ಹೊಳೆಯುತ್ತಿತ್ತು. ಗಂಡ ಗೇಟಿನ ಬಳಿಯೇ ನಿಂತಿದ್ದರು, ಕೈ ಹಿಂದೆ ಕಟ್ಟಿಕೊಂಡು.

“ಹೇಗುಂಟು?” ಎಂದರು.

ನಾನು ಕೈಯಲ್ಲಿದ್ದ ಚೀಲವನ್ನು ಅಲ್ಲೇ ನೆಲಕ್ಕಿಟ್ಟೆ.

“ನೀನು ಎಷ್ಟು ದಿನ ಅಂತ ಏಣಿ ಹೊತ್ತು ಕಾಯುವುದು? ದೋಣಿ ಕಟ್ಟುವ ನಮ್ಮ ದೋಸ್ತಿಗೆ ಹೇಳಿದೆ, ಅವನೇ ಡಬ್ಬಿ ತಂದ. ಇಬ್ಬರೂ ಸೇರಿ ಒಂದು ಬದಿ ಮುಗಿಸಿದೆವು. ಎಣ್ಣೆ ಸಾಕಾಗಲಿಲ್ಲ, ಇಲ್ಲದಿದ್ದರೆ ಹಿಂದಿನದ್ದೂ ಆಗ್ತಿತ್ತು.”

“ತುಕ್ಕು ಉಜ್ಜಿದಿರಾ?”

“ಅದರ ಮೇಲೆಯೇ ಕೊಟ್ಟದ್ದು. ತುಕ್ಕು ಒಳಗೇ ಸಾಯ್ತದೆ.”

“ಅದು ಕುಡಿಯುವ ನೀರು ಬೀಳುವ ಮಾಡು ಅಂತ ನಿಮಗೆ ಗೊತ್ತುಂಟಲ್ಲ?”

“ಎರಡು ಮಳೆ ಬಂದರೆ ತೊಳೆದು ಹೋಗ್ತದೆ.”

“ತೊಳೆದು ಹೋಗುವುದಾದರೆ ಹಚ್ಚಿದ್ದು ಎಂತಕ್ಕೆ? ಹೋಗುವುದಿಲ್ಲ ಅಂತಾದರೆ ನಾವು ಕುಡಿಯುವುದು ಎಂತ?”

ಅವರು ಮಾಡಿನ ಕಡೆ ನೋಡಿದರು. ನಾನು ಸೀಮಂತದ ಸಿಹಿತಿಂಡಿಯ ಪೊಟ್ಟಣವನ್ನು ಅವರ ಕೈಗೆ ಕೊಡಲು ಹೋದೆ. ಮೇಜಿನ ಮೇಲಿಡು ಎಂದರು. ನನ್ನ ಸಿಟ್ಟಿನಲ್ಲಿ ಅದೇಕೆ ಎಂದು ಯೋಚಿಸಲಿಲ್ಲ.

ಪೈಂಟರ್ ಹೇಳಿದ ಮಾತಿಗೆ ತಪ್ಪದೆ ಬಂದದ್ದು ಆ ಮರುದಿನವೇ. ಅಷ್ಟು ಸಲ ಬಾರದವನು ಅಂದು ನಾನು ಚಹಾ ಕುಡಿಯುವ ಮೊದಲೇ ಬಂದ. ಏಣಿ ಹತ್ತಿ ನೋಡಿ ಗಟ್ಟಿಯಾಗಿ ನಕ್ಕ.

“ಅಕ್ಕ, ಇದು ಮನೆಯಾ ದೋಣಿಯಾ? ಮಲ್ಪೆಗೆ ಎಳ್ಕೊಂಡು ಹೋಗಿ ಬಿಟ್ಟರೆ ಬಂಗುಡೆ ಹಿಡೀಬಹುದು!”

“ನೀನು ಹೇಳಿದ ದಿನ ಬಂದಿದ್ದರೆ ಇದು ಮನೆಯೇ ಆಗಿರ್ತಿತ್ತು” ಎಂದೆ. ಅವನ ನಗು ಸ್ವಲ್ಪ ಕಡಿಮೆಯಾಯಿತು.

ಮೂಲೆಯಲ್ಲಿ ಒಂದು ಕಡೆ ಪ್ರೈಮರ್ ಹಚ್ಚಿ ನೋಡಿದ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗುವ ಬದಲು ಸುಕ್ಕುಗಟ್ಟಿತು, ಅಡಿಯಿಂದ ಕಪ್ಪು ಮೇಲಕ್ಕೆ ಬಂತು. ಬೆರಳು ತಾಗಿಸಿದರೆ ಜಾರಿತು. ಸೀಮೆಎಣ್ಣೆಯಲ್ಲಿ ಒರೆಸಿ ನೋಡುವ ಎಂದ. ಕುಡಿಯುವ ನೀರಿನ ಮಾಡಿಗೆ ಸೀಮೆಎಣ್ಣೆ ಎಂದು ಕೇಳಿದಾಗ ನನ್ನ ಮೈ ಉರಿಯಿತು, ಆದರೂ ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆದರಾಯಿತು ಎಂದು ಒಂದು ಶೀಟಿಗೆ ಒಪ್ಪಿದೆ. ಸೀಮೆಎಣ್ಣೆ ಗೇರೆಣ್ಣೆಯನ್ನು ತೆಗೆಯಲಿಲ್ಲ, ಅದನ್ನು ಕರಗಿಸಿ ಶೀಟಿನ ಮಡಿಕೆಗಳಿಗೆ, ಸ್ಕ್ರೂಗಳ ಸಂದಿಗೆ, ಅಲ್ಲಿಂದ ದಂಬೆಗೆ ಇಳಿಸಿತು. ಒಂದು ಬಟ್ಟೆ ಕಪ್ಪಾದರೆ ಇನ್ನೊಂದು. ಹಳೆಯ ಬೆಡ್‌ಶೀಟು ಹರಿದು ಕೊಟ್ಟೆ, ಅದೂ ಮುಗಿಯಿತು. ಕಡೆಗೆ ಅವನು ಬಕೆಟು ಕೆಳಗಿಟ್ಟ.

“ಇದು ಆಗುವ ಕೆಲಸ ಅಲ್ಲ ಅಕ್ಕ. ಶೀಟೇ ಬದಲಿಸಬೇಕು.”

ಶೀಟು ಹಾಕುವವರಿಗೆ ಫೋನ್ ಮಾಡಿದೆ. ಮಳೆಯ ಮೊದಲು ಸಾಧ್ಯವೇ ಇಲ್ಲ ಎಂದರು ಒಬ್ಬರು. ಇನ್ನೊಬ್ಬರು ಫೋನೇ ಎತ್ತಲಿಲ್ಲ. ಪಡುವಣದಲ್ಲಿ ಮೋಡ ಕಟ್ಟಿ ಚದರುವುದು ಶುರುವಾಗಿತ್ತು. ಸೆಖೆಗೆ ಸೆರಗು ಒದ್ದೆಯಾಗುತ್ತಿತ್ತು. ಇಷ್ಟೆಲ್ಲ ಹಾಳು ಮಾಡಿದವರು ಚಾವಡಿಯಲ್ಲಿ ಫ್ಯಾನಿನ ಅಡಿಯಲ್ಲಿ ಕೂತು, ಮಳೆ ಈ ಸಲ ಬೇಗ ಬರುವ ಲಕ್ಷಣ ಉಂಟು ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

ಮರುದಿನ ಮಧ್ಯಾಹ್ನ, ಅಷ್ಟರವರೆಗೆ ಸೆಖೆಗೆ ಗಂಜಿಯೇ ಸಾಕು ಎನ್ನುತ್ತಿದ್ದವರಿಗೆ ಊಟ ಬಡಿಸಿದೆ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಅವರು ಒಳಗಿನಿಂದ ಚಮಚ ತಂದುಕೊಂಡು ಕೂತರು. ಮೀನಿನ ಸಾರನ್ನು ಚಮಚದಲ್ಲಿ ಉಣ್ಣುವವರನ್ನು ಮಲ್ಪೆಯವರು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವರೇ ಎಷ್ಟೋ ಸಲ ಹಾಗೆ ಹಾಸ್ಯ ಮಾಡಿದ್ದುಂಟು.

“ಕೈ ತೋರಿಸಿ.”

“ಎಂತ ಇಲ್ಲ. ಸಾರು ಬಿಸಿ ಉಂಟು.”

“ತೋರಿಸಿ ಅಂದೆ.”

ಎರಡೂ ಅಂಗೈಗಳು ಊದಿ ಕೆಂಪಾಗಿದ್ದವು. ಬೆರಳುಗಳ ನಡುವೆ ಬೊಬ್ಬೆಗಳು, ಒಂದೆರಡು ಒಡೆದು ನೀರು ಸೋರುತ್ತಿದ್ದವು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಮಾಡಿದ್ದರಂತೆ, ಆದರೂ ಬಿಸಿಲಿನ ಬೆವರಿಗೆ ಇಳಿದುಹೋಯಿತಂತೆ. ಆ ಕೈಯಲ್ಲಿ ಎರಡು ದಿನದಿಂದ ನನ್ನೆದುರು ಪೇಪರು ಓದುತ್ತಿದ್ದರು.

ಊಟ ಅಲ್ಲಿಗೇ ನಿಲ್ಲಿಸಿ ತೊಳೆದು, ಒರೆಸಿ, ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತಿದೆ. ಸುತ್ತುತ್ತಾ ಬೈದೆ.

“ನಿನ್ನೆಯೇ ಹೇಳಿದ್ದರೆ ಇಷ್ಟು ಆಗ್ತಿರಲಿಲ್ಲ.”

“ಹೇಳಿದ್ದರೆ ಎಣ್ಣೆ ಹಾಳು ಅನ್ನುವುದಕ್ಕೆ ನಿನಗೆ ಸಾಕ್ಷಿ ಸಿಗ್ತಿತ್ತು.”

“ಈಗ ಸಿಗಲಿಲ್ಲವಾ?”

“ಈಗ ನಿನಗೆ ಕೆಲಸವೂ ಸಿಕ್ಕಿತು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅನ್ನ ಕಲಸಿ ಉಣ್ಣಿಸಿದೆ. ಚಮಚ ಹಿಡಿಯಲೂ ಆಗುವುದಿಲ್ಲವಲ್ಲ ಇನ್ನು.

ಅವರಿಗೆ ಉಣ್ಣಿಸುವಾಗಲೇ ನನ್ನ ಮನಸ್ಸು ಒಂದು ಕಡೆ ನಿಂತದ್ದು. ಎದುರಿನ ಇಳಿಜಾರನ್ನು ಬಿಟ್ಟುಬಿಡುವುದು. ಅದರ ದಂಬೆಯನ್ನು ಟಾಂಕಿಯಿಂದ ಬೇರ್ಪಡಿಸಿ ನೀರನ್ನು ಹೊರಗೆ ಬಿಡುವುದು. ಗೇರೆಣ್ಣೆ ತಾಗದ ಹಿಂದಿನ ಇಳಿಜಾರನ್ನು ಮಳೆ ಬರುವ ಮೊದಲು ಕ್ರಮವಾಗಿ ಮುಗಿಸುವುದು. ಅರ್ಧ ಮಾಡಾದರೂ ಉಳಿಯಲಿ. ವಾರ್ಡಿನಲ್ಲಿ ಕಾಲು ಉಳಿಸಲು ಬೆರಳು ತೆಗೆಯುವ ತೀರ್ಮಾನವನ್ನು ವೈದ್ಯರು ಹೇಳಿದಾಗ ರೋಗಿಯ ಕಡೆಯವರ ಮುಖ ಹೇಗಾಗುತ್ತಿತ್ತೋ ನನ್ನ ಮುಖವೂ ಹಾಗೆಯೇ ಇದ್ದಿರಬೇಕು.

ಪೈಂಟರಿಗೆ ಹೇಳಿದೆ. ಅವನಿಗೆ ಹೆಬ್ರಿಯಲ್ಲಿ ಇನ್ನೊಂದು ಒಕ್ಕಲು ಇತ್ತಂತೆ. ನೀನು ಊಟಕ್ಕೆ ಹೋಗುವುದಾದರೆ ನಿನ್ನ ಏಣಿ, ಬ್ರಶ್ಶು ಎಲ್ಲ ಇಲ್ಲೇ ಇರಲಿ, ನಾನೇ ಹತ್ತಿ ಹಚ್ಚುತ್ತೇನೆ ಎಂದೆ. ನನ್ನ ಪ್ರಾಯ ನೋಡಿ ಹೆದರಿರಬೇಕು. ಮರುದಿನ ಬಂದ. ಉಜ್ಜುವಾಗ ನಾನು ಕೆಳಗಿನಿಂದಲೇ ಕಣ್ಣಿಟ್ಟಿದ್ದೆ. ಬಿಟ್ಟ ಜಾಗ ತೋರಿಸಿದೆ.

“ಅಕ್ಕ, ಅದು ಹಕ್ಕಿ ಹಿಕ್ಕೆ, ತುಕ್ಕಲ್ಲ.”

“ಹಾಗಾದರೆ ಅದನ್ನೂ ತೆಗಿ.”

ತೊಳೆದದ್ದು ಪೂರ್ತಿ ಒಣಗುವವರೆಗೆ ಪ್ರೈಮರಿನ ಡಬ್ಬಿಯ ಮುಚ್ಚಳ ತೆಗೆಯಲು ಬಿಡಲಿಲ್ಲ. ಎರಡನೆಯ ಪೈಂಟು ಮುಗಿದ ಸಂಜೆ ಗಾಳಿ ತಿರುಗಿತ್ತು. ಪತ್ತನಾಜೆ ಆಗಲೇ ಕಳೆದುಹೋಗಿತ್ತು, ನಾನು ಹಾಕಿಕೊಂಡ ಗಡುವು ತಪ್ಪಿತ್ತು. ಅವನು ಬೆಳ್ಮಣ್ಣಿನ ಬಸ್ಸು ಹಿಡಿಯಲು ಓಡಿದ. ಪೈಪು ಬೇರ್ಪಡಿಸುವುದು ಪ್ಲಂಬರನ ಕೆಲಸ. ಟಾಂಕಿಯ ವಾಲ್ವು ಮುಚ್ಚಿದ್ದರೂ ಮಳೆ ಬಂದರೆ ಗೇರೆಣ್ಣೆಯ ನೀರು ಮರಳಿನ ಡ್ರಮ್ಮಿಗೆ ಇಳಿದು ಅದನ್ನು ಕೆಡಿಸುತ್ತದೆ. ಪ್ಲಂಬರ್ ನಾಳೆ ಎಂದ. ನಾಳೆ ಎಂಬ ಶಬ್ದವನ್ನು ಕೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಮೋಡ ತಲೆಗೆ ತಾಗುವಷ್ಟು ಕೆಳಗಿತ್ತು. ಸೀರೆ ಬಿಗಿಯಾಗಿ ಕಟ್ಟಿ ಗರಗಸ ಹಿಡಿದು ಏಣಿ ಹತ್ತಿದೆ. ಗಂಡ ಬ್ಯಾಂಡೇಜಿನ ಕೈಗಳನ್ನು ಮೇಲೆತ್ತಿ ಮೊಣಕೈಗಳಿಂದ ಏಣಿಯನ್ನು ಒತ್ತಿ ಹಿಡಿದರು. ಹಿಡಿದ ಕೂಡಲೇ ತಾಂಡೇಲರಾದರು.

“ಎಡಕ್ಕೆ! ಸ್ವಲ್ಪ ಮೇಲೆ ಹಿಡಿ! ಅಲ್ಲಿ ಅಲ್ಲ ಮಾರಾಯ್ತಿ, ಜಾಯಿಂಟಿನ ಕೆಳಗೆ ಕೊಯ್ಯಿ!”

“ನೀವು ಬಾಯಿ ಮುಚ್ಚಿ ಏಣಿ ಹಿಡಿಯಿರಿ.”

“ಬಾಯಿಗೆ ಬ್ಯಾಂಡೇಜು ನೀನು ಸುತ್ತಲಿಲ್ಲ.”

ಪೈಪು ತುಂಡಾಗಿ ಕೆಳಗೆ ಬಿತ್ತು. ಟಾಂಕಿಯ ಕಡೆಗೆ ಉಳಿದ ಬಾಯಿಗೆ ಪ್ಲಾಸ್ಟಿಕ್ ಮಡಿಸಿ ಸೈಕಲ್ ಟ್ಯೂಬಿನಲ್ಲಿ ಕಟ್ಟಿದೆ. ಇಳಿದು ಕೈ ತೊಳೆಯುವಷ್ಟರಲ್ಲಿ ಮಳೆ ಬಂತು.

ಆ ಮೊದಲ ಮಳೆಯನ್ನು ನೋಡುತ್ತಾ ನಿಂತದ್ದು ನನಗೆ ಸಂತೋಷದ ನೆನಪಲ್ಲ. ಎದುರಿನ ಇಳಿಜಾರಿನಿಂದ ಕಂದು ನೀರು, ಮೇಲೆ ಎಣ್ಣೆಯ ಬಣ್ಣಬಣ್ಣದ ಪದರ, ಧಾರೆಯಾಗಿ ಅಂಗಳಕ್ಕೆ ಬಿದ್ದು ಪಕ್ಕದ ಮನೆಯ ಬೇಲಿಯ ಕಡೆಗೆ ಹೊರಟಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯವಳು ಕೊಡೆ ಹಿಡಿದು ಬಂದಳು.

“ಸಿಸ್ಟ್ರೇ, ನಿಮ್ಮ ಕಪ್ಪು ನೀರು ನನ್ನ ಮಲ್ಲಿಗೆ ಬುಡಕ್ಕೆ ಬರ್ತಾ ಉಂಟು. ಗಿಡ ಸತ್ತರೆ ಎಂತ ಮಾಡುವುದು?”

ಹೂವು ಕಟ್ಟಿ ಮಾರಿ ಸಂಸಾರ ತೂಗಿಸುವವಳು. ಅವಳಿಗೆ ಏನು ಹೇಳಲಿ? ಹಾರೆ ತೆಗೆದುಕೊಂಡು ಮಳೆಯಲ್ಲೇ ರಸ್ತೆಯ ಚರಂಡಿಯವರೆಗೆ ನೀರು ಹೋಗುವ ಕಣಿ ತೋಡಿದೆ. ಅವಳೂ ಒಂದು ಹಾರೆ ತಂದು ಸೇರಿದಳು. ನನ್ನ ಗಂಡ ಚಾವಡಿಯಲ್ಲಿ ನಿಂತು ನೀರಿನ ಇಳಿಜಾರು ಯಾವ ಕಡೆಗೆ ಎಂದು ಹೇಳುತ್ತಿದ್ದರು. ಈ ಸಲ ಅವರು ಹೇಳಿದ್ದು ಸರಿಯಿತ್ತು.

ಹಿಂದಿನ ಇಳಿಜಾರು ಚೆನ್ನಾಗಿ ತೊಳೆದುಹೋಗಲಿ ಎಂದು ಬಹಳ ಮಳೆಗಳನ್ನು ಹೊರಗೇ ಬಿಟ್ಟೆ. ಸಾಮಾನ್ಯವಾಗಿ ಬಿಡುವುದಕ್ಕಿಂತ ಹೆಚ್ಚೇ ಬಿಟ್ಟೆ. ಸ್ಟೀಲಿನ ಪಾತ್ರೆಯಲ್ಲಿ ನೀರು ಹಿಡಿದು ಇಡೀ ದಿನ ಇಟ್ಟು ತಳ ನೋಡಿದೆ, ಮೂಸಿ ನೋಡಿದೆ. ಜುಲೈ ಕೊನೆಗೆ, ಆಟಿ ತಿಂಗಳಲ್ಲಿ, ಟಾಂಕಿಯ ವಾಲ್ವು ತಿರುಗಿಸಿದೆ.

ಆ ಹೊತ್ತಿಗೆ ಎದುರಿನ ಗೇರೆಣ್ಣೆ ಗಟ್ಟಿಯಾಗಿ ಹೊಸ ದೋಣಿಯ ಹಾಗೆ ಹೊಳೆಯುತ್ತಿತ್ತು. ನೀರೂ ತಿಳಿಯಾಗಿಯೇ ಬೀಳುತ್ತಿತ್ತು. ಗಂಡನ ಕೈಗಳು ವಾಸಿಯಾಗಿ ಹೊಸ ಚರ್ಮ ಬಂದಿತ್ತು. ವಾಸಿಯಾದವರು ಸುಮ್ಮನಿರುತ್ತಾರೆಯೇ? ವಾರ್ಡಿನಲ್ಲಿ ಜ್ವರ ಬಿಟ್ಟ ರೋಗಿಗಳು ಪ್ರತಿ ರೌಂಡಿನಲ್ಲಿ ಮನೆಗೆ ಯಾವಾಗ ಎಂದು ಕೇಳುವ ಹಾಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳತೊಡಗಿದರು.

“ಈಗ ಆ ಪೈಪು ಜೋಡಿಸಬಹುದಲ್ಲ?”

“ಇಲ್ಲ.”

“ನೋಡು, ಒಂದು ತುಕ್ಕು ಉಂಟಾ ಅಲ್ಲಿ?”

“ತುಕ್ಕು ಇಲ್ಲ. ಪೈಪು ಜೋಡಿಸುವುದೂ ಇಲ್ಲ.”

“ಕಣ್ಣಿಗೆ ಕಾಣದ್ದು ಎಂತ ಉಂಟು ಅದರಲ್ಲಿ?”

“ಕಾಣದ್ದು ಎಂತ ಉಂಟು ಅಂತ ಗೊತ್ತಿಲ್ಲದ್ದಕ್ಕೇ ಇಲ್ಲ.”

ಮಳೆ ಬಿಡುವ ಕಾಲಕ್ಕೆ ಟಾಂಕಿ ತುಂಬಿ ಮೇಲಿನ ಪೈಪಿನಿಂದ ಹೊರಗೆ ಹರಿಯುತ್ತಿತ್ತು. ಬೇಸಗೆಯ ಚಿಂತೆ ಮುಗಿಯಿತು. ಮುಚ್ಚಳ ಹಾಕಲು ಅಂಗಳಕ್ಕೆ ಹೋದೆ. ಗಂಡ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಒಳಗೆ ಇಣುಕಿದರು. ಒಂದು ಲೋಟ ಎತ್ತಿ ಕುಡಿದು, ಒಳ್ಳೆಯದುಂಟು ಎಂದರು. ಆಮೇಲೆ ಬಾಯಿ ಒರೆಸಿಕೊಂಡು ಕೇಳಿದರು.

“ಅರ್ಧ ಮಾಡಿನ ನೀರಿನಲ್ಲೇ ತುಂಬಿತಲ್ಲ? ಮತ್ತೆ ಇನ್ನರ್ಧಕ್ಕೆ ನನ್ನ ಹತ್ತಿರ ಅಷ್ಟು ಜಗಳ ಮಾಡಿದ್ದು ಎಂತಕ್ಕೆ ನೀನು?”

ನಮ್ಮ ಊರಿನ ಮಳೆಗೆ ಅರ್ಧ ಮಾಡು ಏನು, ಕಾಲು ಮಾಡಾದರೂ ಆ ಟಾಂಕಿ ತುಂಬೀತು. ಅದು ನನಗೂ ಗೊತ್ತಿತ್ತು. ಅವರಲ್ಲಿದ್ದ ಎಣ್ಣೆ ಸಾಕಾಗಿದ್ದರೆ ಆ ಕಾಲೂ ಉಳಿಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಅದಕ್ಕೂ ಒಂದು ಮಾತು ಅವರಲ್ಲಿ ಇದ್ದೇ ಇರುತ್ತದೆ. ಮುಚ್ಚಳದ ಬೋಲ್ಟು ಬಿಗಿ ಮಾಡುವುದಿತ್ತು. ಸ್ಪ್ಯಾನರ್ ಕೊಡಿ ಎಂದೆ.